ಕೊನೆಯ ಸೀಟುಗಳಿಗೆ ಚೀಟಿ ಎತ್ತಿ

ಮಾನ್ಯ ಸಂಪಾದಕರೇ,

ಕಾಲೇಜು ಸೀಟಿನ ಗೋಳಿನ ಬಗ್ಗೆ ಪ್ರತಿ ವರ್ಷ ಈ ಹೊತ್ತಿಗೆ ನಿಮಗೆ ಪತ್ರಗಳು ಬರುತ್ತವೆ. ಹೆಚ್ಚಿನವು ಅಪ್ಪ ಅಮ್ಮಂದಿರದ್ದು. ನಾನು ಆಚೆ ಬದಿಯವನು. 31 ವರ್ಷ ಪಿಯು ಮಕ್ಕಳಿಗೆ ಗಣಿತ ಹೇಳಿಕೊಟ್ಟವನು. 20ಕ್ಕೂ ಹೆಚ್ಚು ಬೇಸಿಗೆಗಳನ್ನು ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಅಂಕ ಹಾಕುತ್ತಾ ಕಳೆದವನು. ಅಂಕ ಅಂದರೆ ದೇವರು ಅಂತ ನಂಬಿದ್ದವನೂ ಹೌದು. ಈಗ ಹೇಳುವ ಮಾತನ್ನು ಹತ್ತು ವರ್ಷದ ಹಿಂದೆ ಯಾರಾದರೂ ನನ್ನೆದುರು ಆಡಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ.

ಮಾತು ಇಷ್ಟೇ. ಕಟಾಫ್, ಅಂದರೆ ಕೊನೆಯ ಸೀಟು ಸಿಗುವ ಅಂಕ, ಅದರ ಆಸುಪಾಸಿನಲ್ಲಿ ನಿಂತಿರುವ ಮಕ್ಕಳಿಗೆ ಸೀಟನ್ನು ಚೀಟಿ ಎತ್ತಿ ಕೊಡಿ.

ನಗಬೇಡಿ. ಮೊದಲು ನನ್ನ ತಂಗಿಯ ಮಗಳ ಕತೆ ಕೇಳಿ. ಹೋದ ವರ್ಷ ಒಂದು ಪ್ರವೇಶ ಪರೀಕ್ಷೆ ಬರೆದಳು. 37ನೇ ಪ್ರಶ್ನೆ ಉದ್ದದ್ದು, ಆಮೇಲೆ ನೋಡೋಣ ಅಂತ ಬಿಟ್ಟಳು. ಬಿಟ್ಟದ್ದು ಪ್ರಶ್ನೆಯನ್ನು ಮಾತ್ರ. ಯಂತ್ರ ತಿದ್ದುವ ಓಎಂಆರ್ ಉತ್ತರ ಹಾಳೆಯಲ್ಲಿ ಆ ಸಾಲು ಬಿಡುವುದನ್ನು ಮರೆತಳು. 38ರ ಉತ್ತರ 37ರ ಸಾಲಿಗೆ, 39ರದ್ದು 38ಕ್ಕೆ, ಹೀಗೇ ಹೋಯಿತು. 42ಕ್ಕೆ ಶೇಡ್ ಮಾಡಲು ಹೋದಾಗ ಪೆನ್ನು 41ರ ಮೇಲಿತ್ತು. ಬಾಲ್ ಪೆನ್ನು, ಅಳಿಸುವ ಹಾಗಿಲ್ಲ. ನಾಲ್ಕು ಸಾಲು ಎಡವಟ್ಟು. ಅದರಲ್ಲಿ ಒಂದು ಹೇಗೋ ಸರಿಯಾಗಿ ಬಿದ್ದಿತ್ತು, ಪುಣ್ಯಕ್ಕೆ. ಅಷ್ಟಕ್ಕೇ ಅವಳ ರ‍್ಯಾಂಕು ಸಾವಿರಗಟ್ಟಲೆ ಕೆಳಗೆ ಹೋಯಿತು. ಬೇಕಿದ್ದ ಕಾಲೇಜು ಕೈ ತಪ್ಪಿತು. ರಾತ್ರಿ ಫೋನ್ ಮಾಡಿ ಒಂದೇ ಮಾತು ಕೇಳಿದಳು: 'ಮಾವ, ನಂಗೆ ಲೆಕ್ಕ ಬರಲ್ಲ ಅಂತ ಅಲ್ಲ ಅಲ್ವಾ?'

ಅವಳದ್ದು ಕೈತಪ್ಪು, ಇರಲಿ. ಓದಿದ್ದನ್ನು ಸರಿಯಾಗಿಯೇ ಬರೆದವರ ಪಾಡು ನೋಡಿ. ವೈದ್ಯಕೀಯ ಸೀಟಿನ ನೀಟ್ ಪರೀಕ್ಷೆಗೆ 720 ಅಂಕ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಳೆಯುತ್ತಾರೆ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಎಂಬಿಬಿಎಸ್ ಸೀಟು ಒಂದು ಲಕ್ಷದ ಚಿಲ್ಲರೆ. ಮೊದಲ ಫಲಿತಾಂಶದಲ್ಲಿ 67 ಮಂದಿಗೆ 720ಕ್ಕೆ 720 ಬಂತು. ಅವರಲ್ಲಿ 44 ಮಂದಿಗೆ ಪೂರ್ತಿ ಅಂಕ ಸಿಕ್ಕಿದ್ದು ಭೌತಶಾಸ್ತ್ರದ ಒಂದೇ ಒಂದು ಪ್ರಶ್ನೆಯಿಂದ. ಪರಮಾಣುವಿನ ಬಗೆಗಿನ ಪ್ರಶ್ನೆ ಅದು. ಎನ್‌ಸಿಇಆರ್‌ಟಿಯ ಹಳೆಯ ಪುಸ್ತಕದ ಪ್ರಕಾರ ಒಂದು ಉತ್ತರ, ಹೊಸ ಪುಸ್ತಕದ ಪ್ರಕಾರ ಇನ್ನೊಂದು. ಎರಡಕ್ಕೂ ಅಂಕ ಕೊಟ್ಟಿದ್ದರು. ಸುಪ್ರೀಂ ಕೋರ್ಟು ದೆಹಲಿ ಐಐಟಿಯನ್ನು ಕೇಳಿತು. ಸರಿ ಉತ್ತರ ಒಂದೇ ಅಂತ ಅಲ್ಲಿನ ಮೂವರು ತಜ್ಞರು ಹೇಳಿದರು. ಹಳೆಯ ಪುಸ್ತಕದ ಉತ್ತರ ಬರೆದಿದ್ದ 4 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ತಲಾ 5 ಅಂಕ ಹೋಯಿತು. ಗ್ರೇಸ್ ಅಂಕ ರದ್ದಾಗಿ ಕೆಳಗಿಳಿದ ಇನ್ನೂ 6 ಮಂದಿಯನ್ನು ಕಳೆದರೆ, ಪೂರ್ತಿ ಅಂಕದವರು ಕೊನೆಗೆ 17 ಮಂದಿ ಉಳಿದರು.

ಯಾವ ಉತ್ತರ ಸರಿ ಅನ್ನುವ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಳೆಯ ಪುಸ್ತಕ ಯಾರ ಮನೆಯಲ್ಲಿರುತ್ತದೆ ಹೇಳಿ? ಅಕ್ಕ ಓದಿಟ್ಟಿದ್ದನ್ನೇ ತಂಗಿಯೂ ಓದುವ ಮನೆಯಲ್ಲಿ.

ಅಂಕ ಎಷ್ಟು ಗಟ್ಟಿ ಅನ್ನುವುದು ಹಾಕಿದವನಿಗೇ ಗೊತ್ತು. ಒಮ್ಮೆ ಒಂದು ಲೆಕ್ಕಕ್ಕೆ 5ಕ್ಕೆ 3 ಕೊಟ್ಟಿದ್ದೆ. ಮಧ್ಯದಲ್ಲಿ ಒಂದು ಹೆಜ್ಜೆ ಹಾರಿಸಿದ್ದ ಹುಡುಗ. ನಮ್ಮ ಚೀಫ್ ನೋಡಿ 4 ಮಾಡಿದರು. ಪಕ್ಕದ ಮೇಜಿನವರನ್ನು ಸುಮ್ನೆ ಕೇಳಿದೆ. ಅವರು 'ನಾನಾದರೆ ಐದೂ ಕೊಡ್ತಿದ್ದೆ ಸಾರ್' ಅಂದರು. ಮೂವರೂ ಪ್ರಾಮಾಣಿಕರೇ. ಯಂತ್ರ ತಿದ್ದಿದರೆ ಈ ತೊಂದರೆ ಇಲ್ಲ ಅನ್ನುತ್ತಾರೆ. ಪರಮಾಣುವಿನ ಪ್ರಶ್ನೆಯನ್ನು ತಿದ್ದಿದ್ದೂ ಯಂತ್ರವೇ.

ಇನ್ನು ಲಾಂಗ್ ಟರ್ಮ್ ಕೋಚಿಂಗ್. ಒಂದು ವರ್ಷ ಕೂತು ಎರಡನೇ ಸಲ ಬರೆದರೆ ಅಂಕ ಏರುತ್ತದೆ, ಏರಲೇಬೇಕು. ನನ್ನ ತಂಗಿ ಮತ್ತು ಭಾವನಿಗೆ ಆ ಶಕ್ತಿ ಇದೆ, ಮಗಳನ್ನು ಕೂರಿಸಿದರು. ಅವಳಷ್ಟೇ ಅಂಕ ತೆಗೆದ ಗೆಳತಿಯ ಮನೆಯಲ್ಲಿ ಒಂದು ವರ್ಷ ಕಾಯುವ ಸ್ಥಿತಿ ಇರಲಿಲ್ಲ. ಆ ಹುಡುಗಿ ಸಿಕ್ಕಿದ ಕೋರ್ಸಿಗೆ ಸೇರಿಕೊಂಡಳು. ಮುಂದಿನ ಪಟ್ಟಿಯಲ್ಲಿ ಇಬ್ಬರ ನಡುವೆ ಕಾಣುವ ಅಂತರಕ್ಕೆ ನಾವು ಪ್ರತಿಭೆ ಅಂತ ಹೆಸರಿಡುತ್ತೇವೆ. ನಮ್ಮ ಮನೆಗೇ ಲಾಭವಾದ ಅನ್ಯಾಯ ಇದು, ಅದಕ್ಕೇ ಬರೆಯುತ್ತಿದ್ದೇನೆ.

ಪರೀಕ್ಷೆಯೇ ಬೇಡ, ಮಗುವಿನ ಒಟ್ಟು ವ್ಯಕ್ತಿತ್ವ ನೋಡಿ ಸೀಟು ಕೊಡಿ ಅನ್ನುವವರಿದ್ದಾರೆ. ಅಮೆರಿಕದ ಹಲವು ದೊಡ್ಡ ಕಾಲೇಜುಗಳಲ್ಲಿ ಅಂಕದ ಜೊತೆಗೆ ಅದನ್ನೂ ನೋಡುತ್ತಾರೆ. ಅಲ್ಲಿನ ಹಾರ್ವರ್ಡ್ ವಿಶ್ವವಿದ್ಯಾಲಯದ ಮೇಲಿನ ಮೊಕದ್ದಮೆಯಲ್ಲಿ ಹೊರಬಿದ್ದ ದಾಖಲೆ ನೋಡಿ. ಅಪ್ಪನೋ ಅಮ್ಮನೋ ಅಲ್ಲೇ ಓದಿದ್ದರೆ ಅಂಥ 100 ಮಕ್ಕಳಲ್ಲಿ ಸುಮಾರು 33 ಮಂದಿಗೆ ಸೀಟು ಸಿಕ್ಕಿತ್ತು. ಉಳಿದವರಲ್ಲಿ 100ಕ್ಕೆ ಸುಮಾರು 6. 2019ರಲ್ಲಿ ಅಲ್ಲಿ ಬಯಲಾದ ಹಗರಣವಂತೂ ಇನ್ನೂ ಸೊಗಸು. ದೋಣಿ ಸ್ಪರ್ಧೆಯ ಗಂಧಗಾಳಿ ಇಲ್ಲದ ಮಕ್ಕಳನ್ನು ವ್ಯಾಯಾಮದ ಯಂತ್ರದ ಮೇಲೆ ಕೂರಿಸಿ ಫೋಟೊ ತೆಗೆದು, ಕ್ರೀಡಾಪಟು ಅಂತ ತೋರಿಸಿ ಸೀಟು ಗಿಟ್ಟಿಸಿದ್ದರು. ಅದಕ್ಕಿಂತ ನಮ್ಮ ಓಎಂಆರ್ ಹಾಳೆಯೇ ವಾಸಿ.

ಚೀಟಿ ಎತ್ತುವುದು ನನ್ನ ತಲೆಯಲ್ಲಿ ಹುಟ್ಟಿದ ಹುಚ್ಚಲ್ಲ. ನೆದರ್‌ಲೆಂಡ್ಸ್‌ನಲ್ಲಿ ವೈದ್ಯಕೀಯ ಸೀಟಿಗೆ ದಶಕಗಳ ಕಾಲ ಲಾಟರಿ ಇತ್ತು. ಅಂಕ ಜಾಸ್ತಿ ಇದ್ದವರಿಗೆ ಗೆಲ್ಲುವ ಅವಕಾಶವೂ ಜಾಸ್ತಿ, ಅಷ್ಟೇ. 1990ರ ದಶಕದಲ್ಲಿ ಬಹಳ ಒಳ್ಳೆಯ ಅಂಕ ಪಡೆದ ಹುಡುಗಿಯೊಬ್ಬಳಿಗೆ ಮೂರು ಸಲ ಸೀಟು ತಪ್ಪಿ ದೊಡ್ಡ ಗಲಾಟೆಯಾಯಿತು. ಆಮೇಲೆ 10ಕ್ಕೆ ಸರಾಸರಿ 8 ಅಥವಾ ಹೆಚ್ಚು ಇದ್ದವರಿಗೆ ನೇರವಾಗಿ ಸೀಟು ಕೊಟ್ಟು, ಉಳಿದವರಿಗೆ ಲಾಟರಿ ಇಟ್ಟರು. 2017ರಲ್ಲಿ ಅದನ್ನೂ ನಿಲ್ಲಿಸಿ, ಆಯ್ಕೆಯನ್ನು ಕಾಲೇಜುಗಳಿಗೇ ಬಿಟ್ಟರು. ಅನುಕೂಲಸ್ಥರ ಮಕ್ಕಳಿಗೇ ಮೇಲುಗೈ ಆಗುತ್ತಿದೆ ಅನ್ನುವ ದೂರು ಶುರುವಾಯಿತು. 2023ರಲ್ಲಿ ಲಾಟರಿಗೆ ಮತ್ತೆ ಅವಕಾಶ ಕೊಟ್ಟರು.

ನಾನು ಕೇಳುವುದೂ ಇಂಥದ್ದೇ. ಮೇಲಿನ ರ‍್ಯಾಂಕಿನವರಿಗೆ ಈಗಿನಂತೆ ನೇರ ಸೀಟು ಕೊಡಲಿ. ಕಟಾಫಿನ ಆಚೀಚೆ ಎರಡು ಪ್ರಶ್ನೆಯ ಅಂತರದಲ್ಲಿರುವ ಎಲ್ಲರನ್ನೂ ಸಮ ಅಂತ ಒಪ್ಪಿಕೊಂಡು, ಉಳಿದ ಸೀಟುಗಳಿಗೆ ಎಲ್ಲರ ಕಣ್ಣೆದುರು ಚೀಟಿ ಎತ್ತಲಿ. ಮೀಸಲಾತಿ ಹಾಗೇ ಇರಲಿ, ಪ್ರತಿ ವರ್ಗದ ಒಳಗೇ ಚೀಟಿ ನಡೆಯಲಿ. ಸೀಟು ಹೆಚ್ಚಿಸಿದರೆ ಸಾಕಲ್ಲ ಅಂತೀರಾ? ಹೆಚ್ಚಿಸಲಿ, ಬೇಡ ಅಂದವರಾರು? ಆದರೆ ಎಲ್ಲರಿಗೂ ಬೇಕಾದ ಕಾಲೇಜಿನಲ್ಲಿ ಕೊನೆಯ ಸೀಟು ಅಂತ ಒಂದು ಇದ್ದೇ ಇರುತ್ತದೆ.

'ಹಾಗಾದ್ರೆ ಮಕ್ಕಳು ಯಾಕೆ ಓದ್ಬೇಕು?' ಅಂತ ನನ್ನಾಕೆ ಕೇಳಿದಳು. ಚೀಟಿ ಡಬ್ಬಿಗೆ ಹೆಸರು ಬೀಳಬೇಕಾದರೂ ಓದಲೇಬೇಕಲ್ಲ. ತಪ್ಪುವುದು ಕೊನೆಯ ಆ ಒಂದೆರಡು ಅಂಕಕ್ಕಾಗಿ ಮಕ್ಕಳು ನಿದ್ದೆ ಬಿಡುವುದು ಮಾತ್ರ. ಚೀಟಿಯಲ್ಲಿ ಸೀಟು ತಪ್ಪಿದ ಹುಡುಗಿಗೆ ಬೇಜಾರಾಗುತ್ತದೆ, ನಿಜ. ಆದರೆ ತನಗೆ ಲೆಕ್ಕ ಬರುತ್ತೋ ಇಲ್ಲವೋ ಅಂತ ರಾತ್ರಿ ಮಾವನಿಗೆ ಫೋನ್ ಮಾಡಿ ಕೇಳುವುದಿಲ್ಲ.

ತಂಗಿಯ ಮಗಳು ಈ ವರ್ಷ ಮತ್ತೆ ಬರೆದಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ. ಈ ಸಲ ಹತ್ತು ಪ್ರಶ್ನೆಗೊಮ್ಮೆ ನಿಲ್ಲಿಸಿ, ಪ್ರಶ್ನೆಯ ನಂಬರು ಸಾಲಿನ ನಂಬರು ಎರಡೂ ಒಂದೇನಾ ಅಂತ ಬೆರಳಿಟ್ಟು ನೋಡಿದಳಂತೆ. ಆ ಹೊತ್ತಿನಲ್ಲಿ ಇನ್ನೆರಡು ಲೆಕ್ಕ ಮಾಡಬಹುದಿತ್ತು ಅಂತ ನನಗನ್ನಿಸಿತು. ಅವಳಿಗೆ ಹೇಳಲಿಲ್ಲ.

ಇಂತಿ,
ಒಬ್ಬ ನಿವೃತ್ತ ಗಣಿತ ಉಪನ್ಯಾಸಕ