ಆ ಸಹಿ ಯಾರದು?

ಬೆಳಗಾವಿ

ಪ್ರೀತಿಯ ತಂಗಿ,

ನಿನ್ನ ಲೇಖನ ಬಂದು ಹತ್ತು ದಿನವಾಯಿತು. ಎರಡು ಸಲ ಓದಿದೆ. ಮೂರನೆಯ ಪುಟದಲ್ಲಿ ‘ರಾಜಕಾರಣಿಗಳು ಅಡ್ಡ ಬರದಿದ್ದರೆ ಸೈನ್ಯ ಗಡಿಯ ತಂಟೆಯನ್ನು ವಾರದಲ್ಲಿ ಮುಗಿಸುತ್ತದೆ’ ಎಂದಿದ್ದೀಯಲ್ಲ, ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ. ಸಿಟ್ಟಾಗಬೇಡ. ಆ ಸಾಲು ನಿನ್ನದಲ್ಲ. ಬೈಲಹೊಂಗಲದ ಚಹಾ ಅಂಗಡಿಗಳಲ್ಲಿ ಅದನ್ನು ನಲವತ್ತು ವರ್ಷದಿಂದ ಕೇಳುತ್ತಿದ್ದೇನೆ.

ನನ್ನ ಮನೆ ಸೈನ್ಯದವರ ಕ್ಯಾಂಪಿಗೆ ಹತ್ತಿರ. ಒಮ್ಮೆ ಮರಾಠಾ ಲೈಟ್ ಇನ್‌ಫೆಂಟ್ರಿಯ ಹೊಸ ಸೈನಿಕರ ಕಸಮ್ ಪರೇಡ್ ನೋಡಲು ಹೋಗಿದ್ದೆ. ಪೆಂಡಾಲಿನಲ್ಲಿ ನನ್ನ ಪಕ್ಕ ಒಬ್ಬ ನಿವೃತ್ತ ಹವಾಲ್ದಾರರು ಕುಳಿತಿದ್ದರು. ಮೈದಾನದಲ್ಲಿ ಮಗ ಪ್ರಮಾಣ ಮಾಡುತ್ತಿದ್ದರೆ ಇಲ್ಲಿ ಅವರ ತುಟಿಗಳೂ ಅಲುಗುತ್ತಿದ್ದವು, ಒಂದು ಪದವೂ ತಪ್ಪದೆ. ಆ ಪ್ರಮಾಣದಲ್ಲಿ ನಿಷ್ಠೆ ಸಂವಿಧಾನಕ್ಕೆ, ವಿಧೇಯತೆ ರಾಷ್ಟ್ರಪತಿಯ ಆಜ್ಞೆಗೆ. ಮೇಲಧಿಕಾರಿ ಬರುವುದು ಆಮೇಲೆ. ನಿನ್ನ ಲೇಖನ ಅಲ್ಲಿಂದ ಶುರುವಾಗಿದ್ದರೆ ಚೆನ್ನಾಗಿತ್ತು.

ಹಾಗೆಂದು ದೆಹಲಿಯವರಿಗೆ ಹಾರ ಹಾಕು ಎನ್ನುತ್ತಿಲ್ಲ. 1959ರ ಆಗಸ್ಟ್ 25ರಂದು ಈಶಾನ್ಯ ಗಡಿಯ ಲೋಂಗ್ಜುವಿನಲ್ಲಿ ಚೀನೀಯರು ಗುಂಡು ಹಾರಿಸಿದರು. ಆರು ದಿನಕ್ಕೆ ಆಗಿನ ದಂಡನಾಯಕ, ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಲಾರದೆ ರಾಜೀನಾಮೆ ಬರೆದರು. ನೆಹರೂ ಮನವೊಲಿಸಿ ಹಿಂದೆ ತೆಗೆಸಿದರು. ನಾಗರಿಕ ಅಧಿಕಾರವೇ ಮೇಲು ಎಂದು ಸಂಸತ್ತಿನಲ್ಲಿ ಹೇಳಿದರು. ತತ್ತ್ವ ಸರಿ. ಆದರೆ 1962ರ ಅಕ್ಟೋಬರ್ 12ರಂದು ಸಿಲೋನಿಗೆ ಹೊರಟ ಅದೇ ನೆಹರೂ, ನಮ್ಮ ನೆಲದಿಂದ ಚೀನೀಯರನ್ನು ತೆರವುಗೊಳಿಸಲು ಸೈನ್ಯಕ್ಕೆ ಹೇಳಿದೆ ಎಂದು ಪತ್ರಕರ್ತರಿಗೆ ತಿಳಿಸಿದರು. ಬೆಟ್ಟದ ಚಳಿಗೆ ತಕ್ಕ ಬಟ್ಟೆಯೂ ಸಾಲದ ಸೈನ್ಯ ಅದು. ಎಂಟು ದಿನಕ್ಕೆ ಚೀನಾ ಮೇಲೆ ಬಿತ್ತು. ಮೆನನ್ ಕುರ್ಚಿ ಹೋಯಿತು, ದಂಡನಾಯಕ ಥಾಪರ್ ಅವರದೂ ಹೋಯಿತು. ತಪ್ಪಿಗೆ ಲೆಕ್ಕ ಕೇಳಲು ಒಂದು ವಿಳಾಸವಾದರೂ ಇತ್ತು.

ಈಗ ಆಚೆ ಬದಿ ನೋಡು. 1999ರ ಫೆಬ್ರುವರಿಯಲ್ಲಿ ವಾಜಪೇಯಿ ಬಸ್ಸಿನಲ್ಲಿ ಲಾಹೋರಿಗೆ ಹೋದರು. ಪಾಕಿಸ್ತಾನದ ಪ್ರಧಾನಿ ನವಾಜ್ ಷರೀಫ್ ಶಾಂತಿಯ ಘೋಷಣೆಗೆ ಸಹಿ ಹಾಕಿದರು. ಆ ಚಳಿಗಾಲದಲ್ಲೇ ಅವರ ಸೈನ್ಯ ಕಾರ್ಗಿಲ್ ಎತ್ತರಗಳನ್ನು ಏರಿ ಕುಳಿತಿತು. ಷರೀಫರಿಗೆ ಎಷ್ಟು ಗೊತ್ತಿತ್ತು ಎಂಬ ವ್ಯಾಜ್ಯ ಅವರಿಗೂ ಅವರ ದಂಡನಾಯಕ ಮುಷರಫ್‌ಗೂ ಕೊನೆಯವರೆಗೆ ಬಗೆಹರಿಯಲಿಲ್ಲ. ಯುದ್ಧ ಸೋತ ಮೇಲೆ ಮನೆಗೆ ಹೋದವರು ಯಾರು? ಅದೇ ವರ್ಷ ಅಕ್ಟೋಬರ್ 12ರಂದು, ಸೈನ್ಯವೇ ಇಳಿಸಿದ ಚುನಾಯಿತ ಪ್ರಧಾನಿ. 2001ರ ಜುಲೈನಲ್ಲಿ ಆಗ್ರಾದಲ್ಲಿ ವಾಜಪೇಯಿಯವರ ಎದುರು ಬಂದು ಕುಳಿತವರು ಮುಷರಫ್. ಲಾಹೋರಿನ ಆ ಸಹಿಗೆ ಇನ್ನೇನು ಬೆಲೆ? ಒಂದು ದೇಶದ ವಿದೇಶಾಂಗ ನೀತಿ ಅದರ ವಿದೇಶಾಂಗ ಸಚಿವಾಲಯದಲ್ಲಿ ಇಲ್ಲದಿದ್ದರೆ ನೆರೆಯವನು ಯಾರ ಬಾಗಿಲು ತಟ್ಟಬೇಕು? ನಿನ್ನ ಹನ್ನೊಂದು ಪುಟಗಳಲ್ಲಿ ಈ ಪ್ರಶ್ನೆ ಎಲ್ಲೂ ಇಲ್ಲ.

ಅಂಕಿ ಅಂಶ ಜಾಸ್ತಿಯಾಗಿವೆ, ಅರ್ಧ ತೆಗೆ. ‘ವೀರಯೋಧ’ ಎಂಬ ಪದ ಹದಿನಾಲ್ಕು ಸಲ ಬಂದಿದೆ, ಎಣಿಸಿದೆ.

ನಿನ್ನ ಕಾಕಾ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದರು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀ. ಅಲ್ಲಿ ನಿಲ್ಲು. ನಿಯಂತ್ರಣ ರೇಖೆ ದಾಟಕೂಡದು ಎಂದು ವಾಜಪೇಯಿ ಸರ್ಕಾರ ಸೈನ್ಯಕ್ಕೂ ವಾಯುಪಡೆಗೂ ಕಟ್ಟು ಹಾಕಿತ್ತು. ಅದರಿಂದ ಜಗತ್ತು ನಮ್ಮ ಕಡೆ ವಾಲಿತು. ಜುಲೈ 4ರಂದು ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಷರೀಫರನ್ನು ಕೂರಿಸಿಕೊಂಡು ಸೈನ್ಯ ಹಿಂತೆಗೆಯಲು ಒಪ್ಪಿಸಿದರು. ಆದರೆ ಬಳಸಿ ಹೋಗುವ ದಾರಿ ಬಿಟ್ಟು ಕಡಿದಾದ ಬಂಡೆಯನ್ನು ಎದುರಿನಿಂದಲೇ ಏರಬೇಕಾದವರು ಹುಡುಗರು. ಎರಡೂ ನಿಜ. ಒಂದನ್ನು ಬರೆದು ಇನ್ನೊಂದನ್ನು ಮುಚ್ಚಬೇಡ.

ಈ ಭಾನುವಾರ ಊರಿಗೆ ಹೋಗುತ್ತೀಯಲ್ಲ, ಕಾಕಾ ಊಟ ಮುಗಿಸಿ ಎಲೆಯಡಿಕೆಗೆ ಕುಳಿತಾಗ ಕೇಳು: ಆ ಆಜ್ಞೆ ಅವರಿಗೆ ತಲುಪಿದ್ದು ಯಾರ ಬಾಯಿಂದ, ಯಾವ ಮಾತಿನಲ್ಲಿ? ಕೇಳಿದ ಕೂಡಲೇ ಅವರ ತುಕಡಿಯವರು ಏನೆಂದರು? ಬೈದಿದ್ದರೆ ಬೈಗುಳವನ್ನೂ ಬರೆದುಕೊಂಡು ಬಾ.

ನಿನ್ನ ಅಣ್ಣ