ಗೋವಾ ಕ್ಯಾಸಿನೊಗೆ ಹೊರಟ ಗೆಳೆಯರು ಕ್ರ್ಯಾಪ್ಸ್ ಲೆಕ್ಕ ತಿಳಿದು ಹೋಗಲಿ

ಮಾನ್ಯರೆ,

ಮಳೆ ಹಿಂದಾಗುತ್ತಿದ್ದಂತೆ ಕಾರವಾರ, ಅಂಕೋಲಾ, ಕುಮಟಾ ಕಡೆಯ ಹುಡುಗರು ಶನಿವಾರ ಸಂಜೆ ಗುಂಪು ಕಟ್ಟಿಕೊಂಡು ಗೋವಾಕ್ಕೆ ಹೊರಡುತ್ತಾರೆ. ಶಿರಸಿ, ಸಿದ್ದಾಪುರದವರು ಘಟ್ಟ ಇಳಿದು ಬಂದು ಸೇರಿಕೊಳ್ಳುವುದೂ ಉಂಟು. ಮಾಜಾಳಿ ದಾಟಿದರೆ ಗೋವಾ. ಅಲ್ಲಿಂದ ಮುಂದೆ ಪಣಜಿ, ಮಾಂಡವಿ ನದಿಯಲ್ಲಿ ನಿಂತ ಕ್ಯಾಸಿನೊ ಹಡಗುಗಳು. ಹೋಗಬೇಡಿ ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಹೋಗಿಯೇ ಹೋಗುವವರಿಗೆ ಅಲ್ಲಿನ ಲೆಕ್ಕ ಹೇಳಿಕೊಡುವವರು ಸಿಗುವುದಿಲ್ಲ. ಅದಕ್ಕಾಗಿ ಈ ಪತ್ರ.

ಕ್ರ್ಯಾಪ್ಸ್ ಎಂಬ ದಾಳದ ಆಟವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗೆಳೆಯರೆಲ್ಲ ಒಂದೇ ಟೇಬಲ್ ಸುತ್ತ ನಿಂತು, ಒಬ್ಬ ಎಸೆದ ದಾಳದ ಮೇಲೆ ಎಲ್ಲರೂ ಬಾಜಿ ಕಟ್ಟುವ ಆಟ ಇದು. ಕ್ಯಾಸಿನೊ ಮಾಲೀಕನಿಗೆ ಅತಿ ಕಡಿಮೆ ಪಾಲು ಹೋಗುವ ಬಾಜಿಯೂ, ಜೇಬು ಕತ್ತರಿಸುವಂಥ ಬಾಜಿಯೂ ಟೇಬಲ್‌ಗೆ ಹಾಸಿದ ಅದೇ ಬಟ್ಟೆಯ ಮೇಲೆ ಗೇಣು ಅಂತರದಲ್ಲಿ ಇರುತ್ತವೆ. ಗುಂಪಿನ ಗದ್ದಲದಲ್ಲಿ ಯಾವುದು ಯಾವುದೆಂದು ತಿಳಿಯದೆ ಹೋಗುತ್ತದೆ. ಎಲ್ಲ ಹಡಗಿನಲ್ಲೂ ಈ ಟೇಬಲ್ ಇರುತ್ತದೆಂದು ನಂಬಿ ಹೊರಡಬಾರದು, ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು. 1976ರ ಗೋವಾ ಜೂಜು ಕಾಯ್ದೆಗೆ 1992ರಲ್ಲಿ ಆದ ತಿದ್ದುಪಡಿ ಪಂಚತಾರಾ ಹೋಟೆಲ್‌ಗಳಿಗೆ ಯಂತ್ರದ ಆಟಕ್ಕಷ್ಟೇ ದಾರಿ ಮಾಡಿತು. ಡೀಲರ್ ನಿಂತು ಆಡಿಸುವ ಟೇಬಲ್ ಆಟ 1996ರ ತಿದ್ದುಪಡಿಯಿಂದ ಹಡಗಿಗೆ ಬಂತು. ಒಳಗೆ ಹೋಗಲು 21 ವರ್ಷ ತುಂಬಿರಬೇಕು, ಫೋಟೊ ಇರುವ ಗುರುತಿನ ಚೀಟಿ ಬೇಕು. ಚಡ್ಡಿ, ಚಪ್ಪಲಿಯಲ್ಲಿ ಹೋದ ಗಂಡಸರನ್ನು ಬಾಗಿಲಲ್ಲೇ ತಡೆಯುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಎರಡು ದಾಳ ಒಟ್ಟು 36 ರೀತಿಯಲ್ಲಿ ಬೀಳಬಹುದು. ಅದರಲ್ಲಿ 7 ಬೀಳುವುದು ಆರು ರೀತಿಯಲ್ಲಿ. 6 ಮತ್ತು 8 ಐದೈದು. 5 ಮತ್ತು 9 ನಾಲ್ಕು ನಾಲ್ಕು. 4 ಮತ್ತು 10 ಮೂರು ಮೂರು. 3 ಮತ್ತು 11 ಎರಡೆರಡು. 2 ಮತ್ತು 12 ಒಂದೊಂದೇ. ಇಷ್ಟನ್ನು ಬಾಯಿಪಾಠ ಮಾಡಿಕೊಂಡರೆ ಉಳಿದದ್ದೆಲ್ಲ ಇದರಿಂದಲೇ ಬಿಡಿಸಿಕೊಳ್ಳಬಹುದು.

ಮೂಲ ಬಾಜಿಯ ಹೆಸರು ಪಾಸ್ ಲೈನ್. ಟೇಬಲ್ ಅಂಚಿನ ಉದ್ದಕ್ಕೂ ಬರೆದ ಪಟ್ಟಿ ಅದು. ಮೊದಲ ಎಸೆತದಲ್ಲಿ 7 ಅಥವಾ 11 ಬಿದ್ದರೆ ಗೆಲುವು, ಕಟ್ಟಿದಷ್ಟೇ ಮೇಲೆ ಸಿಗುತ್ತದೆ. 2, 3 ಅಥವಾ 12 ಬಿದ್ದರೆ ಸೋಲು. ಬೇರೆ ಯಾವುದೇ ಅಂಕಿ ಬಿದ್ದರೆ ಅದೇ 'ಪಾಯಿಂಟ್'. ಆಗ ಡೀಲರ್ ಕಪ್ಪು ಬಿಲ್ಲೆಯನ್ನು ಬಿಳಿ ಮುಖ ಮೇಲಾಗಿ ತಿರುಗಿಸಿ ಆ ಅಂಕಿಯ ಮೇಲೆ ಇಡುತ್ತಾನೆ. ಇನ್ನು 7 ಬೀಳುವ ಮೊದಲು ಅದೇ ಅಂಕಿ ಮತ್ತೆ ಬಿದ್ದರೆ ಗೆಲುವು. 7 ಮೊದಲು ಬಂದರೆ ಪಾಸ್ ಲೈನ್ ಮೇಲಿದ್ದ ಎಲ್ಲರ ಹಣವೂ ಒಟ್ಟಿಗೇ ಹೋಗುತ್ತದೆ, ದಾಳ ಪಕ್ಕದವನ ಕೈಗೆ ಹೋಗುತ್ತದೆ. ಪೂರ್ತಿ ಲೆಕ್ಕ ಹಾಕಿದರೆ 495ರಲ್ಲಿ 244 ಸಲ ಗೆಲುವು, 251 ಸಲ ಸೋಲು. ಅಂದರೆ ಮನೆಯ (ಕ್ಯಾಸಿನೊದ) ಪಾಲು ಶೇ 1.41. ಐನೂರು ರೂಪಾಯಿ ಕಟ್ಟಿದರೆ ಸರಾಸರಿ ಏಳು ರೂಪಾಯಿ ನಷ್ಟ.

ಇಲ್ಲಿ ಗುಂಪಿನಲ್ಲಿ ತಡವಾಗಿ ಬಂದವನು ಮಾಡುವ ತಪ್ಪು ಒಂದಿದೆ. ಬಿಲ್ಲೆ ಆಗಲೇ ಬಿಳಿಯಾಗಿ ಒಂದು ಅಂಕಿಯ ಮೇಲೆ ಕೂತಿರುತ್ತದೆ. ಗೆಳೆಯರ ಚಿಪ್ಸ್ (ಹಣದ ಬದಲು ಇಡುವ ಟೋಕನ್) ನೋಡಿ ತಾನೂ ಪಾಸ್ ಲೈನ್ ಮೇಲೆ ಇಟ್ಟುಬಿಡುತ್ತಾನೆ. ಡೀಲರ್ ಬೇಡ ಎನ್ನುವುದಿಲ್ಲ. ಆದರೆ ಈ ಬಾಜಿಯ ಸುಖವೆಲ್ಲ ಮೊದಲ ಎಸೆತದಲ್ಲಿದೆ: ಅಲ್ಲಿ ಗೆಲ್ಲುವ ರೀತಿ ಎಂಟು, ಸೋಲುವ ರೀತಿ ನಾಲ್ಕೇ. ಅದು ತಪ್ಪಿದ ಮೇಲೆ ಉಳಿಯುವುದು ಕಷ್ಟದ ಭಾಗ ಮಾತ್ರ. ಪಾಯಿಂಟ್ 6 ಇದ್ದಾಗ ಹಾಗೆ ಇಟ್ಟರೆ ಮನೆಯ ಪಾಲು ಶೇ 9.09; ಪಾಯಿಂಟ್ 4 ಇದ್ದರೆ ಶೇ 33. ಬಿಲ್ಲೆ ಕಪ್ಪಾಗುವವರೆಗೆ ಕೈಕಟ್ಟಿ ನಿಲ್ಲುವುದೇ ಸರಿ. ಇನ್ನೊಂದು ಮಾತು: ಪಾಯಿಂಟ್ ಬಿದ್ದ ಮೇಲೆ ಪಾಸ್ ಲೈನ್ ಹಣವನ್ನು ವಾಪಸ್ ತೆಗೆಯಲು ಬರುವುದಿಲ್ಲ.

ಪಾಯಿಂಟ್ ಬಿದ್ದಾಗ ಪಾಸ್ ಲೈನ್ ಚಿಪ್ಸ್ ಹಿಂದೆ ಇಡುವ ಹೆಚ್ಚುವರಿ ಬಾಜಿಗೆ ಆಡ್ಸ್ ಎನ್ನುತ್ತಾರೆ. ಬಟ್ಟೆಯ ಮೇಲೆ ಇದರ ಹೆಸರು ಸಾಮಾನ್ಯವಾಗಿ ಬರೆದಿರುವುದಿಲ್ಲ, ಕೇಳಿದವರಿಗೆ ಮಾತ್ರ ಹೇಳುತ್ತಾರೆ. ಕಾರಣ, ಇದರಲ್ಲಿ ಮನೆಗೆ ಬಿಡಿಗಾಸಿನ ಪಾಲೂ ಇಲ್ಲ. 4 ಅಥವಾ 10ಕ್ಕೆ ಒಂದಕ್ಕೆ ಎರಡು, 5 ಅಥವಾ 9ಕ್ಕೆ ಎರಡಕ್ಕೆ ಮೂರು, 6 ಅಥವಾ 8ಕ್ಕೆ ಐದಕ್ಕೆ ಆರು ಕೊಡುತ್ತಾರೆ. ದಾಳದ ನಿಜವಾದ ಲೆಕ್ಕವೂ ಅಷ್ಟೇ. ಹಾಗೆಂದು ಆಡ್ಸ್ ಇಟ್ಟರೆ ಪಾಸ್ ಲೈನ್ ನಷ್ಟ ಅಳಿಸಿಹೋಗುತ್ತದೆಂದು ತಿಳಿಯಬಾರದು, ಆ ಏಳು ರೂಪಾಯಿ ಹಾಗೆಯೇ ಇರುತ್ತದೆ, ಏರಿಳಿತ ಮಾತ್ರ ದೊಡ್ಡದಾಗುತ್ತದೆ. ಒಟ್ಟು 1,500 ರೂಪಾಯಿ ಕಟ್ಟುವ ಮನಸ್ಸಿದ್ದವರು ಪೂರ್ತಿ ಪಾಸ್ ಲೈನ್ ಮೇಲೆ ಸುರಿಯದೆ, ಲೈನ್ ಮೇಲೆ 500, ಹಿಂದೆ 1,000 ಇಟ್ಟರೆ ಮನೆಯ ಪಾಲು ಮೂರನೇ ಒಂದಕ್ಕೆ ಇಳಿಯುತ್ತದೆ. ಮೊತ್ತ ಸರಿಹೊಂದುವಂತೆ ಇಡಬೇಕು: 5, 9ಕ್ಕೆ ಎರಡರಿಂದ ಭಾಗವಾಗುವಷ್ಟು ಚಿಪ್ಸ್, 6, 8ಕ್ಕೆ ಐದರಿಂದ ಭಾಗವಾಗುವಷ್ಟು. ಟೇಬಲ್‌ನ ಸಣ್ಣ ಚಿಪ್ 100 ರೂಪಾಯಿಯದಾಗಿದ್ದು 5ರ ಮೇಲೆ 500 ಇಟ್ಟರೆ 750 ಬರಬೇಕು. ಐವತ್ತರ ಚಿಪ್ ಇಲ್ಲದಿದ್ದರೆ ಕೈಗೆ ಬರುವುದು 700.

ಈ ಚಿಲ್ಲರೆ ಲೆಕ್ಕವೇ ಪ್ಲೇಸ್ ಬಾಜಿಯಲ್ಲಿ ಇನ್ನೂ ದುಬಾರಿ. ಆರಿಸಿದ ಅಂಕಿ 7ಕ್ಕಿಂತ ಮೊದಲು ಬೀಳುತ್ತದೆಂದು ಕಟ್ಟುವ ಬಾಜಿ ಇದು. 6 ಅಥವಾ 8ರ ಮೇಲೆ ಪ್ಲೇಸ್ ಕಟ್ಟಿದರೆ ಆರಕ್ಕೆ ಏಳು. ಮನೆಯ ಪಾಲು ಶೇ 1.52, ಪರವಾಗಿಲ್ಲ. ಆದರೆ 600 ಕಟ್ಟಬೇಕಾದಲ್ಲಿ 500 ಕಟ್ಟಿ, 583ರ ಬದಲು 500 ಮಾತ್ರ ಎಣಿಸಿಕೊಂಡರೆ ಅದೇ ಬಾಜಿಯ ಪಾಲು ಶೇ 9.09ಕ್ಕೆ ಏರಿತು. 5, 9ರ ಪ್ಲೇಸ್ ಶೇ 4, 4 ಮತ್ತು 10ರದ್ದು ಶೇ 6.67.

ಟೇಬಲ್ ನಡುವೆ, ಉದ್ದ ಕೋಲು ಹಿಡಿದ ಸ್ಟಿಕ್‌ಮನ್ ಎದುರಿಗೆ, ಬಣ್ಣಬಣ್ಣದ ದಾಳದ ಚಿತ್ರಗಳಿರುವ ಚೌಕಗಳಿವೆ. ಗುಂಪಿನ ಹಣ ಕರಗುವುದು ಅಲ್ಲೇ. ಮುಂದಿನ ಎಸೆತಕ್ಕೆ 7 ಬೀಳುತ್ತದೆಂದು ಕಟ್ಟುವ ಬಾಜಿಗೆ ಒಂದಕ್ಕೆ ನಾಲ್ಕು ಕೊಡುತ್ತಾರೆ, ನ್ಯಾಯವಾಗಿ ಐದು ಬರಬೇಕು. ಮನೆಯ ಪಾಲು ಶೇ 16.67. ಎರಡೂ ದಾಳದಲ್ಲಿ ಆರು ಬಿದ್ದು 12 ಆದರೆ ಮೂವತ್ತು, ಬರಬೇಕಾದದ್ದು ಮೂವತ್ತೈದು. 7 ಅಥವಾ ಬೇರೆ ರೀತಿಯ 8 ಬರುವ ಮೊದಲು ನಾಲ್ಕು-ನಾಲ್ಕು ಜೋಡಿಯಾಗಿ 8 ಬೀಳಲಿ ಎಂಬ ಹಾರ್ಡ್‌ವೇ ಬಾಜಿಗೆ ಒಂಬತ್ತು, ಬರಬೇಕಾದದ್ದು ಹತ್ತು. ದರ ಟೇಬಲ್‌ನಿಂದ ಟೇಬಲ್‌ಗೆ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಬಟ್ಟೆಯ ಮೇಲೆ ಬರೆದದ್ದನ್ನು ಓದಿಕೊಳ್ಳಬೇಕು. ಗಂಟೆಗೆ ನೂರು ಎಸೆತ ಎಂದಿಟ್ಟುಕೊಂಡರೆ, ಪಾಸ್ ಲೈನ್ ಬಾಜಿ ಸರಾಸರಿ ಮೂರೂವರೆ ಎಸೆತಕ್ಕೆ ಒಮ್ಮೆ ತೀರ್ಮಾನವಾಗುವುದರಿಂದ 500ರ ಬಾಜಿಗೆ ಗಂಟೆಗೆ ಇನ್ನೂರು ಚಿಲ್ಲರೆ ರೂಪಾಯಿ ನಷ್ಟ. ಅದೇ 500ನ್ನು ಪ್ರತಿ ಎಸೆತಕ್ಕೂ ಏಳರ ಮೇಲೆ ಕಟ್ಟಿದವನಿಗೆ ಎಂಟು ಸಾವಿರಕ್ಕೂ ಹೆಚ್ಚು. ಒಂದೇ ಟೇಬಲ್, ಅವವೇ ದಾಳ.

ಇದು ಸರಾಸರಿಯ ಮಾತು. ಒಂದು ಗಂಟೆಯಲ್ಲಿ ಪಾಸ್ ಲೈನ್ ಒಂದರಲ್ಲೇ ಎರಡು, ಮೂರು ಸಾವಿರ ಆ ಕಡೆಗೋ ಈ ಕಡೆಗೋ ಹೋಗುವುದು ಸಾಮಾನ್ಯ. ಗೆದ್ದವನು ತನ್ನ ಕೈಗುಣ ಎನ್ನುತ್ತಾನೆ. ಹತ್ತು ಎಸೆತ ಸತತವಾಗಿ ಏಳು ಬೀಳದಿರುವ ಸಂಭವ ಶೇ 16ರಷ್ಟಿದೆ, ಅದೇನೂ ಪವಾಡವಲ್ಲ. ಹನ್ನೊಂದನೆಯ ಎಸೆತದಲ್ಲೂ ಏಳರ ಸಂಭವ ಆರರಲ್ಲೊಂದೇ. 2009ರಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಮಹಿಳೆಯೊಬ್ಬರು ಸೋಲದೆ 154 ಸಲ ದಾಳ ಎಸೆದರು, ನಾಲ್ಕು ತಾಸಿಗೂ ಹೆಚ್ಚು ಕಾಲ. ಪ್ರತಿ ಎಸೆತದಲ್ಲೂ ಆ ದಾಳಗಳ ಲೆಕ್ಕ ಇದೇ ಆಗಿತ್ತು. ಕ್ಯಾಸಿನೊ ದಾಳದ ಮೇಲೆ ಅನುಮಾನ ಪಡುವವರೂ ಇದ್ದಾರೆ. ಅವು ಆಚೆ ಕಾಣುವಂಥ ಪಾರದರ್ಶಕ ದಾಳಗಳು, ಅಂಚು ಚೂಪು. ಚುಕ್ಕಿಗಾಗಿ ಕೊರೆದ ಗುಳಿಯನ್ನು ಅಷ್ಟೇ ತೂಕದ ವಸ್ತುವಿನಿಂದ ತುಂಬಿ ಸಮತಟ್ಟು ಮಾಡಿರುತ್ತಾರೆ. ಮೋಸ ಮಾಡುವ ಅಗತ್ಯವೇ ಮಾಲೀಕನಿಗಿಲ್ಲ, ಮೇಲಿನ ದರಗಳೇ ಸಾಕು.

ಗೆಳೆಯರ ಗುಂಪಿನಲ್ಲಿ ಓಡಾಡುವ ಜಾಣತನವೊಂದನ್ನು ಹೇಳಬೇಕು. ಒಬ್ಬ ಪಾಸ್, ಇನ್ನೊಬ್ಬ ಅದರ ವಿರುದ್ಧದ ಡೋಂಟ್ ಪಾಸ್ ಕಟ್ಟಿದರೆ ಹಣ ಗೆಳೆಯರಲ್ಲೇ ಉಳಿಯುತ್ತದೆ, ಊಟ-ಪಾನೀಯ ಪುಕ್ಕಟೆ ಎಂಬ ಲೆಕ್ಕ. ಆದರೆ ಮೊದಲ ಎಸೆತದಲ್ಲಿ 12 ಬಿದ್ದರೆ ಪಾಸ್‌ನವನು ಸೋಲುತ್ತಾನೆ, ಡೋಂಟ್ ಪಾಸ್‌ನವನಿಗೆ ಗೆಲುವೂ ಇಲ್ಲ, ಸೋಲೂ ಇಲ್ಲ. 36ಕ್ಕೊಮ್ಮೆ ಒಬ್ಬನ ಬಾಜಿ ಪೂರ್ತಿ ಹೋಗುತ್ತಲೇ ಇರುತ್ತದೆ, ಇಬ್ಬರಿಗೂ ಗೆಲ್ಲುವ ದಾರಿಯೇ ಇಲ್ಲ.

ಹಣದ ಗಂಟನ್ನು ಒಟ್ಟು ಮಾಡಿ ಆಡುವುದು ಮಾತ್ರ ಬೇಡವೇ ಬೇಡ. ರೂಲೆಟ್ ಎಂಬ ಚಕ್ರದ ಆಟದಲ್ಲಿ ಆಟಗಾರನಿಗೊಂದು ಬಣ್ಣದ ಚಿಪ್ಸ್ ಕೊಡುತ್ತಾರೆ. ಕ್ರ್ಯಾಪ್ಸ್‌ನಲ್ಲಿ ಎಲ್ಲರದ್ದೂ ಒಂದೇ ಬಗೆ. ಯಾರ ಬಾಜಿ ಯಾರದೆಂದು ಡೀಲರ್ ಗುರುತಿಡುವುದು ಆಟಗಾರ ನಿಂತ ಜಾಗ ನೋಡಿಯೇ. ಗೆಳೆಯರು ಜಾಗ ಬದಲಿಸುತ್ತ, ಒಬ್ಬರ ಭುಜದ ಮೇಲಿಂದ ಇನ್ನೊಬ್ಬರು ಕೈ ಚಾಚುತ್ತ ನಿಂತರೆ ಒಬ್ಬನ ಗೆಲುವು ಇನ್ನೊಬ್ಬನ ಎದುರು ಬಂದು ಬೀಳುತ್ತದೆ. ಅಲ್ಲಿಂದ ಶುರುವಾದ ಮನಸ್ತಾಪ ಊರಿಗೆ ಬಂದ ಮೇಲೂ ಮುಗಿಯುವುದಿಲ್ಲ. ಪ್ರತಿಯೊಬ್ಬನೂ ತನ್ನ ಜಾಗದಲ್ಲಿ ನಿಂತು, ತನ್ನ ಎದುರಿನ ಟೇಬಲ್ ಕಟ್ಟೆಯ ತೋಡಿನಲ್ಲಿ ತನ್ನ ಚಿಪ್ಸ್ ಇಟ್ಟುಕೊಳ್ಳಲಿ. ಟೇಬಲ್ ಬಳಿ ಸಾಲ ಕೊಡುವುದಿಲ್ಲ, ಕೇಳುವುದಿಲ್ಲ ಎಂದು ಕಾರು ಹತ್ತುವ ಮೊದಲೇ ಮಾತಾಗಲಿ. ಸೋತವನಿಗೆ ಆ ಹೊತ್ತಿನಲ್ಲಿ ಗೆಳೆಯ ಫೋನಿನಿಂದ ಕಳಿಸುವ ಐದು ಸಾವಿರದಷ್ಟು ಕೆಟ್ಟ ಉಪಕಾರ ಬೇರೆ ಇಲ್ಲ.

ದಾಳ ಎಸೆಯುವ ಸರದಿ ಬಂದಾಗ ಮುಂದಿಟ್ಟ ಐದು ದಾಳಗಳಲ್ಲಿ ಎರಡನ್ನು ಆರಿಸಿ, ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈಗೆ ಬದಲಿಸಿದರೆ ಡೀಲರ್ ತಡೆಯುತ್ತಾನೆ. ಎದುರಿನ ಗೋಡೆಗೆ ಅಂಟಿಸಿದ ಮೊನೆಮೊನೆಯ ರಬ್ಬರಿಗೆ ಎರಡೂ ದಾಳ ತಾಗಿ ಮರಳಬೇಕು. ಒಂದು ನೆಲಕ್ಕೆ ಹಾರಿದರೆ ಆ ಎಸೆತ ಲೆಕ್ಕಕ್ಕಿಲ್ಲ. ನಡುವೆ ಕೂತ ಮೇಲ್ವಿಚಾರಕ ಬಾಕ್ಸ್‌ಮನ್ ಆ ದಾಳದ ಮೇಲಿನ ಕ್ರಮಸಂಖ್ಯೆ ನೋಡಿಯೇ ಮತ್ತೆ ಆಟಕ್ಕೆ ಬಿಡುತ್ತಾನೆ. ದಾಳ ಉರುಳುವಾಗ ಟೇಬಲ್ ಒಳಗೆ ಕೈ ಇರಬಾರದು: ಕೈಗೆ ತಾಗಿ ಏಳು ಬಿದ್ದರೂ ಅದು ಏಳೇ. ನೋಟನ್ನು ಡೀಲರ್ ಕೈಗೆ ಕೊಡಬೇಡಿ, ಬಟ್ಟೆಯ ಮೇಲೆ ಇಡಿ.

ತೆರಿಗೆ ವಿಷಯ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರ್ 1ರಿಂದ ಚಿಪ್ಸ್ ಕೊಂಡ ಪೂರ್ತಿ ಮೊತ್ತಕ್ಕೆ ಶೇ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 40. ಪ್ರತಿ ಬಾಜಿಗಲ್ಲ, ಕೊಳ್ಳುವಾಗ ಒಮ್ಮೆ. ಆದರೆ ಆಡದೆ ಉಳಿಸಿ ಹಿಂದಿರುಗಿಸಿದ ಚಿಪ್ಸ್‌ಗೆ ಆ ತೆರಿಗೆಯಲ್ಲಿ ಕಡಿತ ಇಲ್ಲ. ಈ ಹೊರೆ ಯಾರ ಮೇಲೆ, ಎಷ್ಟು ಎಂದು ಕೌಂಟರ್‌ನಲ್ಲಿ ಕೇಳಿಯೇ ಹಣ ಕೊಡಬೇಕು. ಪೂರ್ತಿ ಆಟಗಾರನ ಮೇಲೆ ಬಿದ್ದರೆ ಪಾಸ್ ಲೈನ್‌ನ ಶೇ 1.41 ಅದರ ಮುಂದೆ ಏನೂ ಅಲ್ಲ. ಆದ್ದರಿಂದ ಒಮ್ಮೆಲೇ ರಾಶಿ ಕೊಳ್ಳದೆ ಬೇಕಾದಷ್ಟೇ ಕೊಳ್ಳಬೇಕು. ಪ್ರವೇಶದ ಪ್ಯಾಕೇಜ್ ಜೊತೆ ಸಿಗುವ ಚಿಪ್ಸ್ ಹಲವು ಕಡೆ ಒಮ್ಮೆ ಆಡಲಿಕ್ಕೆ ಮಾತ್ರ, ಅದನ್ನು ನಗದು ಮಾಡಲು ಬಾರದು. ಗೆಲುವಿನ ಮೇಲೆ ಶೇ 30 ಆದಾಯ ತೆರಿಗೆ ಬೇರೆ; ಸೋತದ್ದನ್ನು ಅದರಲ್ಲಿ ಕಳೆಯಲು ಕಾನೂನು ಬಿಡುವುದಿಲ್ಲ.

ಪ್ಯಾಕೇಜ್‌ನಲ್ಲಿ ಮದ್ಯವೂ ಸೇರಿರುವುದರಿಂದ ಒಬ್ಬನಾದರೂ ಮುಟ್ಟದೆ ಇರಬೇಕು. ಕಾಣಕೋಣದ ಕರ್ಮಲ್ ಘಾಟಿನ ತಿರುವುಗಳು ನಿದ್ದೆಗಣ್ಣಿಗೆ ಹೇಳಿದ್ದಲ್ಲ. ಮಡಗಾಂವ್‌ನಿಂದ ಕಾರವಾರಕ್ಕೆ ಕೊಂಕಣ ರೈಲು ಇದೆ, ಬೆಳಿಗ್ಗೆಯ ಗಾಡಿ ಹಿಡಿಯುವುದು ಎಷ್ಟೋ ಮೇಲು. ಬಾಟಲಿ ತಂದರೆ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರು ಹಿಡಿಯುತ್ತಾರೆ. ಒಮ್ಮೆ ಹೋದವನು ಸೋತದ್ದನ್ನು ಮರಳಿ ಪಡೆಯಲು ಒಬ್ಬನೇ ಹೊರಟು ನಿಂತರೆ ಅವನನ್ನು ಗೆಳೆಯರೇ ತಡೆಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ತಮ್ಮ ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟೇ: ಪ್ರವಾಸದ ಪುರವಣಿಯಲ್ಲಿ ಗೋವಾದ ಬಗ್ಗೆ ಬರೆಯುವಾಗ 36 ಮನೆಗಳ ದಾಳದ ಕೋಷ್ಟಕವನ್ನೂ, ಯಾವ ಬಾಜಿಯಲ್ಲಿ ಮನೆಯ ಪಾಲು ಎಷ್ಟು ಎಂಬುದನ್ನೂ ಪ್ರಕಟಿಸಿ. ಜಿಲ್ಲೆಯ ಪಿಯು ಕಾಲೇಜುಗಳಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಉಪನ್ಯಾಸಕರು ಸಂಭವನೀಯತೆಯ ಪಾಠದಲ್ಲಿ ಆ 244 ಮತ್ತು 251 ಹೇಗೆ ಬಂತೆಂದು ವಿದ್ಯಾರ್ಥಿಗಳಿಂದಲೇ ಬಿಡಿಸಿ ತೋರಿಸಲಿ. ಒಂದು ತರಗತಿಯಲ್ಲಿ ಮುಗಿಯುವ ಲೆಕ್ಕ ಅದು.

— ಓದುಗ, ಕೋಡಿಬಾಗ, ಕಾರವಾರ