ಅಳಿಯನಿಗೊಂದು ಕಾಗದ: ಆ ಮಾತ್ರೆ ಬೇಕಿದ್ರೆ ಚೀಟಿ ಬರೆಸ್ಕೊಂಡೇ ತಗೋ

ಪ್ರೀತಿಯ ಗಿರಿ,

ನೀನು ಕಳಿಸಿದ ಫೋಟೋ ನೋಡ್ದೆ. ವಯಾಗ್ರ ತರದ್ದು, ಗಂಡಸರ ನಿಮಿರುವಿಕೆ ತೊಂದ್ರೆಗೆ ತಗೊಳ್ಳೋದು, ನಾಲ್ಕು ಮಾತ್ರೆ ಸ್ಟ್ರಿಪ್ಪು, ಅದ್ರಲ್ಲಿ ಒಂದು ಖಾಲಿ, ಬ್ಯಾಚ್ ನಂಬರ್ ಇರೋ ತುದಿನೇ ಕತ್ತರಿಸಿ ಹೋಗಿದೆ. "ದುಬೈಯಿಂದ ಬಂದ ಫ್ರೆಂಡ್ ಕೊಟ್ಟ, ತಗೋಬೋದಾ ಮಾವ" ಅಂತ ಹಾಕಿ ಎರಡೇ ನಿಮಿಷಕ್ಕೆ ಡಿಲೀಟ್ ಮಾಡಿದ್ಯಲ್ಲ, ಅಷ್ಟರಲ್ಲಿ ನಾನು ಓದಿಯಾಗಿತ್ತು ಮಾರಾಯ. ಫೋನ್ ಮಾಡೋಣ ಅಂದ್ರೆ ನಿಮ್ಮನೇಲಿ ಎಲ್ರೂ ಸ್ಪೀಕರ್ ಹಾಕೇ ಮಾತಾಡೋದು, ಅದಕ್ಕೆ ಬರೀತಿದೀನಿ. ಸದ್ಯಕ್ಕೆ ಆ ಸ್ಟ್ರಿಪ್ ಮುಟ್ಬೇಡ. ಆ ಖಾಲಿ ಜಾಗದ್ದು ನೀನೇ ನುಂಗಿದ್ದಾ ಇಲ್ಲ ಅವನಾ, ಅದನ್ನ ಮಾತ್ರ ನಂಗೆ ಹೇಳು.

ನಾಚ್ಕೋಬೇಡ. ಸೋಮವಾರಪೇಟೆಲಿ ಅಷ್ಟು ವರ್ಷ ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತವನು ನಾನು, ಈ ಮಾತ್ರೆ ಕೇಳೋಕೆ ಬರೋರು ಹೆಂಗೆ ಬರ್ತಾರೆ ಅಂತ ನಂಗೊತ್ತು. ಮೊದ್ಲು ಅಂಗಡಿಲಿ ಹೆಂಗಸ್ರು ಹೋಗೋ ತನಕ ಬಾಗ್ಲಲ್ಲಿ ನಿಂತು ಫೋನ್ ನೋಡ್ತಾರೆ, ಆಮೇಲೆ ಒಂದು ಡೋಲೋ ಕೊಡಿ ಅಂತಾರೆ, ಒಂದು ವಿಕ್ಸ್ ಕೊಡಿ ಅಂತಾರೆ, ದುಡ್ಡು ಕೊಡೋವಾಗ ಮಾತ್ರ ಗಂಟ್ಲು ತಗ್ಗಿಸಿ "ಅದು ಇದ್ಯಾ" ಅಂತಾರೆ. ಜೀಪ್ ಡ್ರೈವರ್ರೂ ಹಂಗೇ, ನೂರು ಎಕ್ರೆ ತೋಟದ ಸಾಹುಕಾರ್ರೂ ಹಂಗೇ. ಚೀಟಿ ಎಲ್ಲಿ ಅಂದ್ರೆ ಅರ್ಧ ಜನ "ನಾಳೆ ತರ್ತೀನಿ" ಅಂತ ಹೋದೋರು ತಿರುಗಿ ಬರ್ತಾನೇ ಇರ್ಲಿಲ್ಲ, ಬೇರೆ ಎಲ್ಲೋ ತಗೊಂಡಿರ್ತಾರೆ ಬಿಡು. ಮಾತ್ರೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಒಳ್ಳೆ ಮಾತ್ರೆನೇ. ಯಾರಿಗೂ ಗೊತ್ತಾಗದ ಹಾಗೆ ನುಂಗೋದು ಇದ್ಯಲ್ಲ, ಅಪಾಯ ಇರೋದು ಅಲ್ಲಿ.

ಯಾಕೆ ಅಂತ ಗೊತ್ತಾಗ್ಬೇಕಾದ್ರೆ ಈ ಮಾತ್ರೆ ಎಲ್ಲಿಂದ ಬಂತು ನೋಡು. ವಯಾಗ್ರ ಅಂತೀವಲ್ಲ, ಅದ್ರ ಒಳಗಿನ ಔಷಧಿ ಸಿಲ್ಡೆನಾಫಿಲ್. ಫೈಜರ್ ಕಂಪನಿಯೋರು ಅದನ್ನ ಪರೀಕ್ಷೆ ಮಾಡ್ತಿದ್ದಿದ್ದು ಎದೆನೋವಿಗೆ, ಹಾರ್ಟಿಗೆ ರಕ್ತ ಸರಿಯಾಗಿ ಹೋಗ್ಲಿ ಅಂತ. ಅದಕ್ಕೆ ಅಷ್ಟೇನೂ ಉಪಯೋಗ ಕಾಣ್ಲಿಲ್ಲ, ತಗೊಂಡ ಗಂಡಸರಲ್ಲಿ ಈ ಇನ್ನೊಂದು ಪರಿಣಾಮ ಕಾಣಿಸ್ತು, 1998ರ ಮಾರ್ಚಲ್ಲಿ ಅಮೆರಿಕದಲ್ಲಿ ಈ ತೊಂದ್ರೆಗೇ ಅಂತ ಒಪ್ಪಿಗೆ ಸಿಕ್ತು. ಟಡಾಲಾಫಿಲ್ ಅನ್ನೋದು ಆಮೇಲೆ ಬಂದ ಅದರದ್ದೇ ತಮ್ಮ. ಎರಡೂ ರಕ್ತನಾಳ ಸಡ್ಲ ಮಾಡೋ ಮಾತ್ರೆಗಳು. ಆಸೆ ಹುಟ್ಟಿಸಲ್ಲ, ಶಕ್ತಿ ತುಂಬಲ್ಲ, ಮನಸ್ಸು ಬಂದಾಗ ಅಲ್ಲಿಗೆ ರಕ್ತ ಹರಿಯೋದಕ್ಕೆ ದಾರಿ ಮಾಡ್ಕೊಡುತ್ತೆ ಅಷ್ಟೇ. ನಾಳದ ಮೇಲೆ ಕೆಲ್ಸ ಮಾಡೋದ್ರಿಂದ ಹಾರ್ಟಿಗೂ ಬಿಪಿಗೂ ಅದಕ್ಕೂ ಸಂಬಂಧ ಇದ್ದೇ ಇದೆ.

ಈಗ ನಿಮ್ಮಪ್ಪನ ವಿಷಯ. ಭಾವಂಗೆ ಸ್ಟೆಂಟ್ ಹಾಕಿದಾಗ ಅವರಿಗೆ ಐವತ್ತೆರಡು. ನಿಂಗೀಗ ಮೂವತ್ತೊಂಬತ್ತು, ಸಿಗರೇಟ್ ಬಿಟ್ಟಿದೀನಿ ಅಂತೀಯ ಆದ್ರೆ ಹೋಮ್‌ಸ್ಟೇ ಗೆಸ್ಟ್ ಜೊತೆ ಕೂತ್ರೆ ಒಂದೆರಡು ನಡಿಯುತ್ತೆ ಅಂತ ನಂಗೊತ್ತು, ಹೊಟ್ಟೆನೂ ಬಂದಿದೆ. ಕಾಫಿ ತೋಟದಲ್ಲಿ ಹೂಮಳೆ ಬರದೆ ಸ್ಪ್ರಿಂಕ್ಲರ್ ಹಾಕೋವಾಗ ನೋಡಿದೀಯಲ್ಲ, ಲೈನಲ್ಲಿ ಕಸ ಕಟ್ಟಿದ್ರೆ ಮೊದ್ಲು ನಿಲ್ಲೋದು ಸಣ್ಣ ತೂತಿನ ನಾಜಲ್ಲು, ದೊಡ್ಡ ಪೈಪಲ್ಲಿ ಇನ್ನೂ ನೀರು ಹೋಗ್ತಾ ಇರುತ್ತೆ. ಆ ಜಾಗದ ರಕ್ತನಾಳ ಒಂದೆರಡು ಮಿಲಿಮೀಟರ್ ದಪ್ಪ, ಹಾರ್ಟಿನದ್ದು ಮೂರ್ನಾಲ್ಕು. ಅದಕ್ಕೇ ಎಷ್ಟೋ ಜನರಿಗೆ ಈ ತೊಂದ್ರೆ ಮೊದ್ಲು ಬಂದು ಎದೆನೋವು ಕೆಲವು ವರ್ಷ ಆದ್ಮೇಲೆ ಬರೋದು. ನಿಂಗೆ ಹಂಗೇ ಅಂತ ಹೇಳ್ತಿಲ್ಲ, ಬರೀ ಟೆನ್ಷನ್ನೂ ಇರ್ಬೋದು, ಸಾಲದ ಕಂತು, ನಿದ್ದೆ ಇಲ್ಲ, ಶುಗರ್ ಇರ್ಬೋದು, ಬೇರೆ ಯಾವ್ದಾದ್ರೂ ಮಾತ್ರೆದೂ ಇರ್ಬೋದು, ಬಿಪಿಗೆ ಕೊಡೋ ಅಟೆನೊಲಾಲ್ ತರದ್ದು, ಡಿಪ್ರೆಶನ್ನಿಗೆ ಕೊಡೋ ಕೆಲವು, ಇವೂ ಹಿಂಗೆ ಮಾಡ್ತವೆ. ಯಾವುದು ಅಂತ ನೋಡೋರು ಬೇಕಲ್ಲ. ಫ್ರೆಂಡ್ ಕೊಟ್ಟ ಮಾತ್ರೆಲಿ ಕೆಲ್ಸ ಆಗಿಬಿಟ್ರೆ ನೀನು ಇನ್ನು ಡಾಕ್ಟ್ರ ಹತ್ರ ಹೋಗಲ್ಲ, ಒಳಗಿರೋದು ಹಂಗೇ ಒಳಗೇ ಬೆಳೀತದೆ.

ಇದನ್ನ ಇನ್ನೊಂದ್ಸಲ ಓದು. ನಿಮ್ಮನೆ ಟಿವಿ ಪಕ್ಕದ ಗೂಡಲ್ಲಿ ಭಾವನ ಡಬ್ಬಿ ಇದ್ಯಲ್ಲ, ಅದ್ರಲ್ಲಿ ಸಾರ್ಬಿಟ್ರೇಟ್ ಇದೆ, ನಾಲಿಗೆ ಅಡಿಗೆ ಇಟ್ಕೊಳ್ಳೋ ಸಣ್ಣ ಮಾತ್ರೆ. ಅದು ನೈಟ್ರೇಟ್, ಅದೂ ರಕ್ತನಾಳ ಸಡ್ಲ ಮಾಡೋ ಜಾತಿನೇ. ಸಿಲ್ಡೆನಾಫಿಲ್ ತಗೊಂಡ ದೇಹಕ್ಕೆ ನೈಟ್ರೇಟ್ ಬಿದ್ರೆ ಬಿಪಿ ಒಂದೇ ಸಲ ಕುಸಿದು ಹೋಗ್ಬೋದು, ಜೀವಕ್ಕೇ ಕುತ್ತು. ಈಗ ಯೋಚ್ನೆ ಮಾಡು, ರಾತ್ರಿ ನೀನು ಗುಟ್ಟಾಗಿ ಮಾತ್ರೆ ತಗೊಂಡಿದೀಯ, ಹನ್ನೊಂದು ಗಂಟೆಗೆ ಎದೆ ಹಿಡ್ಕೊಂತು, ಗ್ಯಾಸ್ಟ್ರಿಕ್ಕೇ ಇರ್ಬೋದು. ನಿಮ್ಮಮ್ಮ, ನನ್ನಕ್ಕ, ಎಂತ ಮಾಡ್ತಾಳೆ? ಅಪ್ಪಂಗೆ ಇದೇ ಕೊಟ್ಟಿದ್ದು ಅಂತ ಓಡಿ ಹೋಗಿ ಆ ಡಬ್ಬಿ ತಂದು ನಿನ್ನ ನಾಲಿಗೆ ಅಡಿಗೆ ಇಡ್ತಾಳೆ. ಅವಳದ್ದು ತಪ್ಪಲ್ಲ, ಅವಳಿಗೆ ಗೊತ್ತಿಲ್ಲ. ಆಸ್ಪತ್ರೆಗೆ ಹೋದ್ರೂ ಎದೆನೋವು ಅಂದ ತಕ್ಷಣ ಅದನ್ನೇ ಕೊಡೋಕೆ ನೋಡ್ತಾರೆ. ಸಿಲ್ಡೆನಾಫಿಲ್ ಆದ್ರೆ ಇಪ್ಪತ್ನಾಲ್ಕು ಗಂಟೆ, ಟಡಾಲಾಫಿಲ್ ಆದ್ರೆ ನಲವತ್ತೆಂಟು ಗಂಟೆ ಒಳಗೆ ನೈಟ್ರೇಟ್ ಸೋಕಬಾರ್ದು. ಅದಕ್ಕೇ ಮನೇಲಿ ಒಬ್ರಿಗಾದ್ರೂ ಗೊತ್ತಿರ್ಬೇಕು, ಕ್ಯಾಜುವಾಲ್ಟಿಲಿ ಬಾಯಿ ಬಿಟ್ಟು "ಇಂಥ ಮಾತ್ರೆ ಇಷ್ಟು ಹೊತ್ತಿಗೆ ತಗೊಂಡಿದೀನಿ" ಅಂತ ಹೇಳ್ಬೇಕು. ಯಾರು ಪಕ್ಕದಲ್ಲಿ ನಿಂತಿದ್ರೂ ಹೇಳು.

ಕಾನೂನೂ ಸುಮ್ನೆ ಮಾಡಿದ್ದಲ್ಲ. ಈ ಮಾತ್ರೆಗಳು ಶೆಡ್ಯೂಲ್ ಎಚ್ ಔಷಧಿ, 1945ರ ಡ್ರಗ್ಸ್ ರೂಲ್ಸ್ ಪ್ರಕಾರ ರಿಜಿಸ್ಟರ್ಡ್ ಡಾಕ್ಟ್ರ ಚೀಟಿ ಇಲ್ದೆ ಅಂಗಡಿಯೋನು ಮಾರೋ ಹಾಗಿಲ್ಲ. ಸ್ಟ್ರಿಪ್ ತಿರುಗಿಸಿ ನೋಡು, ಆರ್‌ಎಕ್ಸ್ ಅಂತ ಇರ್ಬೇಕು, ಡಾಕ್ಟ್ರ ಚೀಟಿ ಇಲ್ದೆ ಚಿಲ್ಲರೆ ಮಾರಬಾರ್ದು ಅನ್ನೋ ಎಚ್ಚರಿಕೆ ಇರ್ಬೇಕು, ತಯಾರಿಸಿದೋರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್, ಎಕ್ಸ್‌ಪೈರಿ ಎಲ್ಲ ಇರ್ಬೇಕು. ಬಿಡಿ ಮಾತ್ರೆ ಕತ್ತರಿಸಿ ಕೊಟ್ರೆ ಇವು ಇರೋ ತುದಿ ಅಂಗಡಿಲೇ ಉಳ್ಕೊಳ್ಳುತ್ತೆ, ಅದಕ್ಕೆ ಪೂರ್ತಿ ಸ್ಟ್ರಿಪ್ ತಗೋ, ಬಿಲ್ ಕೇಳು. ಚೀಟಿಲಿ ನಿನ್ನ ಹೆಸ್ರು, ಔಷಧಿ ಹೆಸ್ರು, ಎಷ್ಟು ಮಿಲಿಗ್ರಾಂ, ಎಷ್ಟು ಮಾತ್ರೆ, ತಾರೀಕು, ಸಹಿ ಇರ್ಲಿ. ಇನ್ನೊಂದು ಸಣ್ಣ ವಿಷಯ, ಮತ್ತೆ ಕೊಡ್ಬೋದು ಅಂತ ಡಾಕ್ಟ್ರು ಬರೀದಿದ್ರೆ ಒಂದು ಚೀಟಿಗೆ ಒಂದೇ ಸಲ ಕೊಡೋದು ನಿಯಮ, ಹಾಗಾಗಿ ಎಷ್ಟು ತಿಂಗ್ಳಿಗೆ ಅಂತ ಅಲ್ಲೇ ಬರೆಸ್ಕೋ, ಪದೇ ಪದೇ ಹೋಗೋದು ತಪ್ಪುತ್ತೆ. ದುಡ್ಡಿನ ಚಿಂತೆ ಇದ್ರೆ ಜೆನೆರಿಕ್ ಬರೀರಿ ಅನ್ನು, ಜನೌಷಧಿಲಿ ಸ್ಟಾಕ್ ಇದ್ಯಾ ಕೇಳು.

ಆನ್‌ಲೈನಲ್ಲಿ ತರ್ಸೋದಾದ್ರೂ ಚೀಟಿ ಅಪ್ಲೋಡ್ ಮಾಡಿ ಅನ್ನೋ ಕಡೆ ಮಾತ್ರ ತರ್ಸು. ವಾಟ್ಸಾಪಲ್ಲಿ ದುಡ್ಡು ಹಾಕಿ, ಹೆಸ್ರಿಲ್ದ ಪ್ಯಾಕಲ್ಲಿ ಕಳಿಸ್ತೀವಿ ಅನ್ನೋನು ಅಂಗಡಿಯೋನೇ ಅಲ್ಲ. ವಿಡಿಯೋಲಿ ಡಾಕ್ಟ್ರನ್ನ ನೋಡೋದು ತಪ್ಪಲ್ಲ, 2020ರಲ್ಲೇ ಸರ್ಕಾರ ಅದಕ್ಕೆ ಗೈಡ್‌ಲೈನ್ಸ್ ತಂದಿದೆ, ಚೀಟಿಲಿ ಅವರ ರಿಜಿಸ್ಟ್ರೇಷನ್ ನಂಬರ್ ಇರ್ಬೇಕು ಅಷ್ಟೇ. ಆದ್ರೂ ಮೊದಲ್ನೇ ಸಲ ನೀನು ಎದುರಿಗೇ ಹೋಗು, ವಿಡಿಯೋಲಿ ಯಾರೂ ಇಸಿಜಿ ತೆಗೆಯಲ್ಲ.

ಎಲ್ಲಿ ಹೋಗೋದು ಅನ್ನೋದೇ ನಿಂಗೆ ತಲೆಬಿಸಿ ಅಂತ ಗೊತ್ತು. 2011ರ ಜನಗಣತಿಲಿ ಇಡೀ ಕೊಡಗಿಗೆ ಐದೂವರೆ ಲಕ್ಷ ಜನ, ಅದ್ರಲ್ಲಿ ಅರ್ಧ ನಮ್ಮ ನೆಂಟ್ರು, ಇನ್ನರ್ಧ ನೆಂಟರ ನೆಂಟ್ರು. ಮಡಿಕೇರಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಓಪಿಡಿಲಿ ಚೀಟಿ ಮಾಡ್ಸೋವಾಗ "ಜನರಲ್ ಮೆಡಿಸಿನ್" ಅಂದ್ರೆ ಸಾಕು, ಕೌಂಟರಲ್ಲಿ ಯಾರೂ ಎಂತಕ್ಕೆ ಅಂತ ಕೇಳಲ್ಲ, ಒಳಗೆ ಹೋದ್ಮೇಲೆ ಡಾಕ್ಟ್ರ ಹತ್ರ ಹೇಳಿದ್ರಾಯ್ತು. ಅಷ್ಟೂ ಆಗಲ್ಲ ಅಂದ್ರೆ ಮೈಸೂರಿಗೆ ಹೋಗು, ಕುಶಾಲನಗರದಿಂದ ಬಸ್ ಹತ್ತಿದ್ರೆ ಬೆಳಿಗ್ಗೆ ಹೋಗಿ ಸಂಜೆ ಬರ್ಬೋದು. ಒಳಗೆ ಹೋಗಿ ಸುಸ್ತು, ಸೊಂಟನೋವು ಅಂತ ಸುತ್ತಿ ಬಳಸಿ ಮಾತಾಡ್ಬೇಡ. "ಸರ್, ಎರಡು ಮೂರು ತಿಂಗ್ಳಿಂದ ಸರಿಯಾಗಿ ಆಗ್ತಿಲ್ಲ, ಬೆಳಿಗ್ಗೆ ಎದ್ದಾಗ ಆಗುತ್ತೆ, ಅಥ್ವಾ ಆಗಲ್ಲ" ಹಿಂಗೆ ನೇರ ಹೇಳು, ಬೆಳಗಿನ ವಿಷಯ ಮುಖ್ಯ, ಅದ್ರಿಂದ ಮನಸ್ಸಿನ ಕಾರಣನಾ ದೇಹದ್ದಾ ಅಂತ ಅವರಿಗೆ ಅಂದಾಜು ಸಿಗುತ್ತೆ. ಬಿಪಿ ನೋಡ್ತಾರೆ, ಶುಗರ್, ಕೊಲೆಸ್ಟ್ರಾಲ್ ಬರೀತಾರೆ, ಬೇಕಿದ್ರೆ ಟೆಸ್ಟೋಸ್ಟಿರೋನ್, ಅದಕ್ಕೆ ಬೆಳಿಗ್ಗೆನೇ ರಕ್ತ ಕೊಡ್ಬೇಕು. ಲೇಡಿ ಡಾಕ್ಟ್ರು ಇದ್ರೆ ಎದ್ದು ಬರ್ಬೇಡ ಮತ್ತೆ, ಅವ್ರಿಗೆ ಇದು ದಿನದ ಕೆಲ್ಸ.

ಹೈವೇ ಬದಿ ಸ್ಪೈಸ್ ಅಂಗಡಿಗಳಲ್ಲಿ ಕಾಡುಜೇನು, ಏಲಕ್ಕಿ ಜೊತೆ ಒಂದು ಎಣ್ಣೆ ಬಾಟ್ಲು, ಒಂದು ಪುಡಿ ಡಬ್ಬ ತೋರಿಸಿ ಟೂರಿಸ್ಟಿಗೆ ಕಣ್ಣು ಹೊಡಿಯೋರು ಇದಾರಲ್ಲ, ಅವ್ರ ಹತ್ರ ಹೋಗ್ಬೇಡ. ಬಸ್‌ಸ್ಟ್ಯಾಂಡ್ ಗೋಡೆಲಿ ಗುಪ್ತ ಸಮಸ್ಯೆಗೆ ಲಾಡ್ಜಲ್ಲಿ ಸಿಗ್ತೀವಿ ಅಂತ ಅಂಟಿಸೋರ ಹತ್ರನೂ ಬೇಡ. ಇಂಥ ಜಾಹೀರಾತು ಕೊಡೋದೇ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಪ್ರಕಾರ ಅಪರಾಧ, ಆದ್ರೂ ಪೋಸ್ಟರ್ ಹರಿದಷ್ಟೂ ಹೊಸದು ಬರುತ್ತೆ. ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ ಅಂತ ಮಾರಿದ ಎಷ್ಟೋ ಪುಡಿ ಕ್ಯಾಪ್ಸೂಲಲ್ಲಿ ಹೆಸ್ರು ಹಾಕ್ದೆ ಇದೇ ಸಿಲ್ಡೆನಾಫಿಲ್ ಬೆರೆಸಿದ್ದು ಲ್ಯಾಬಲ್ಲಿ ಸಿಕ್ಕಿದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಷ್ಟು ಸಲ ಎಚ್ಚರಿಕೆ ಕೊಟ್ಟಿದ್ಯೋ. ಆ ಪುಡಿ ತಿಂದೋನು ಡಾಕ್ಟ್ರ ಹತ್ರ "ಯಾವ ಮಾತ್ರೆನೂ ತಗೊಂಡಿಲ್ಲ ಸರ್" ಅಂತ ನಿಜವಾಗ್ಲೂ ನಂಬ್ಕೊಂಡು ಹೇಳ್ತಾನೆ, ಅವ್ರು ಸಾರ್ಬಿಟ್ರೇಟ್ ಇಡ್ತಾರೆ. ಗೊತ್ತಾಯ್ತಲ್ಲ.

ಡಾಕ್ಟ್ರು ಬರೆದು ಕೊಟ್ಟ ಮೇಲೆ ಹೆದರೋದು ಬೇಡ. ಸಿಲ್ಡೆನಾಫಿಲ್ ಸಾಮಾನ್ಯವಾಗಿ ಐವತ್ತು ಮಿಲಿಗ್ರಾಮಿಂದ ಶುರು, ಸುಮಾರು ಒಂದು ಗಂಟೆ ಮುಂಚೆ, ದಿನಕ್ಕೆ ಒಂದೇ. ಆಗ್ಲಿಲ್ಲ ಅಂತ ಇನ್ನೊಂದು ನುಂಗೋದು, ನೀನಾಗೇ ನೂರಕ್ಕೆ ಹೋಗೋದು ಮಾಡ್ಬೇಡ. ಪಂದಿಕರಿ ಕಡಂಬುಟ್ಟು ಗಡದ್ದಾಗಿ ಹೊಡೆದು ಆಮೇಲೆ ತಗೊಂಡ್ರೆ ಜಿಡ್ಡಿಗೆ ಮಾತ್ರೆ ನಿಧಾನ ಆಗುತ್ತೆ, ಎಷ್ಟೋ ಜನ ಮಾತ್ರೆ ಡೂಪ್ಲಿಕೇಟು ಅಂತ ಅಂಗಡಿಗೆ ಜಗಳಕ್ಕೆ ಬರೋದು ಇದ್ರಿಂದ್ಲೇ. ಟಡಾಲಾಫಿಲಿಗೆ ಊಟದ ಲೆಕ್ಕ ಇಲ್ಲ, ಒಂದೂವರೆ ದಿನದ ತನಕ ಅದ್ರ ಪ್ರಭಾವ ಇರುತ್ತೆ, ಯಾವುದು ನಿಂಗೆ ಅಂತ ಅವ್ರೇ ಹೇಳ್ಲಿ. ರಮ್ಮಿನ ವಿಷಯ, ಮಿಲಿಟ್ರಿ ಕ್ಯಾಂಟೀನ್ ಬಾಟ್ಲು ಮನೇಲಿ ಇದೆ ಅಂತ ಗೊತ್ತು, ಮಾತ್ರೆ ತಗೊಳ್ಳೋ ದಿನ ಬಿಡು, ಎರಡೂ ಸೇರಿದ್ರೆ ತಲೆ ಸುತ್ತಿ ಬೀಳ್ತೀಯ, ಅದೂ ಅಲ್ದೆ ಕುಡಿತನೇ ಈ ಕೆಲ್ಸ ಕೆಡ್ಸೋದು. ತಲೆನೋವು, ಮುಖ ಬಿಸಿ, ಮೂಗು ಕಟ್ಟೋದು, ಹೊಟ್ಟೆ ಉರಿ ಬರ್ಬೋದು, ಕೆಲವ್ರಿಗೆ ಸ್ವಲ್ಪ ಹೊತ್ತು ನೀಲಿ ಛಾಯೆ ಕಾಣುತ್ತೆ, ಹೋಗುತ್ತೆ. ಆದ್ರೆ ಕಣ್ಣು ಅಥ್ವಾ ಕಿವಿ ಇದ್ದಕ್ಕಿದ್ದ ಹಾಗೆ ಹೋದ್ರೆ, ನಿಮಿರಿದ್ದು ನಾಲ್ಕು ಗಂಟೆ ಆದ್ರೂ ಇಳಿದೇ ಇದ್ರೆ, ಬೆಳಗಾಗ್ಲಿ ಅಂತ ಕಾಯ್ಬೇಡ, 108ಕ್ಕೆ ಫೋನ್ ಮಾಡಿ ಹೊರಡು. ಫಂಗಸ್ ಮಾತ್ರೆ, ಕೆಲವು ಆ್ಯಂಟಿಬಯಾಟಿಕ್, ಮೂತ್ರದ ತೊಂದ್ರೆಗೆ ಕೊಡೋ ಟ್ಯಾಮ್ಸುಲೋಸಿನ್, ಇವು ನಡೀತಿದ್ರೆ ಅದನ್ನೂ ಮೊದ್ಲೇ ಹೇಳು.

ಸೌಮ್ಯಂಗೆ ಹೇಳು. ಅವಳು ಏನಂದ್ಕೊಂಡಿದಾಳೋ ನಿಂಗೊತ್ತಿಲ್ಲ, ನೀನು ದೂರ ಸರಿದು ಮಲಗೋದು ನೋಡಿ ಬೇರೇನೋ ಅಂದ್ಕೊಂಡಿದ್ರೆ? ಮನೇಲಿ ಒಬ್ರಿಗೆ ಗೊತ್ತಿರ್ಬೇಕು ಅಂದ್ನಲ್ಲ, ಅದು ಅವಳೇ. ಅಕ್ಕಂಗೆ ಬೇಡ, ಅವಳಿಗೆ ಹೇಳಿದ್ರೆ ಪಾಡಿ ಇಗ್ಗುತಪ್ಪನಿಗೆ ಹರಕೆ ಹೊತ್ಕೊಂಡು ಇಡೀ ಊರಿಗೆ ಕಾರಣ ಹೇಳ್ತಾಳೆ.

ಗುರುವಾರ ನಂಗೆ ಮೈಸೂರಲ್ಲಿ ಕಣ್ಣಿನ ಚೆಕಪ್ ಇದೆ, ಬೆಳಿಗ್ಗೆ ಆರೂವರೆ ಬಸ್ಸಿಗೆ ಕುಶಾಲನಗರ ಸ್ಟ್ಯಾಂಡಲ್ಲಿ ಇರ್ತೀನಿ. ಮಾವನ ಜೊತೆ ಹೋಗ್ತಿದೀನಿ ಅಂದ್ರೆ ಮನೇಲಿ ಯಾರೂ ಕೇಳಲ್ಲ. ತಿಂಡಿ ತಿನ್ಬೇಡ, ಖಾಲಿ ಹೊಟ್ಟೆ ರಕ್ತ ಕೊಡ್ಬೇಕಾಗ್ಬೋದು, ಭಾವನ ಹಳೇ ರಿಪೋರ್ಟ್ ಫೈಲ್ ತಗೊಂಡು ಬಾ, ಡಾಕ್ಟ್ರು ಕೇಳ್ತಾರೆ. ಬರೋದಾದ್ರೆ ಬುಧವಾರ ಸಂಜೆ ಒಂದು ಮೆಸೇಜ್ ಹಾಕು, ಡಿಲೀಟ್ ಮಾಡ್ಬೇಡ.

ಇತಿ ನಿನ್ನ
ಮಾವ